ನೋಡಿದ ಸಿನಿಮಾಗಳ ಬಗ್ಗೆ ಅಭಿಪ್ರಾಯ ಬರೆಯುವ ಬಗೆ

ಶಿವಮೊಗ್ಗದ ಚಿತ್ರಮಂದಿರದಿಂದ ಮನೆಗೆ ಬಂದ ರಾತ್ರಿಯೇ, ಊಟಕ್ಕೆ ಕೂರುವ ಮೊದಲು, ಮನಸ್ಸಿನಲ್ಲಿ ಉಳಿದ ಒಂದು ದೃಶ್ಯವನ್ನು ಬರೆದಿಡಿ. ಯಾರು ಎಲ್ಲಿ ನಿಂತಿದ್ದರು, ಬೆಳಕು ಎತ್ತಲಿಂದ ಬೀಳುತ್ತಿತ್ತು, ಹಿನ್ನೆಲೆಯಲ್ಲಿ ಯಾವ ಸದ್ದಿತ್ತು ಎಂಬುದಷ್ಟೇ ಸಾಕು. ‘ಚೆನ್ನಾಗಿದೆ’ ಎಂಬ ಮಾತು ನಾಳೆಗಿರಲಿ. ಕಥೆಯನ್ನು ಎರಡು ವಾಕ್ಯಗಳಲ್ಲಿ ಮುಗಿಸಿ, ಕೊನೆಯ ತಿರುವನ್ನು ಬಿಟ್ಟುಕೊಡಬೇಡಿ.

ಬೇರೆ ಬೇರೆ ಬಗೆಯ ಚಿತ್ರಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬಾರದು. 2006ರ ‘ಮುಂಗಾರು ಮಳೆ’ಯನ್ನೂ ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನೂ ಪಕ್ಕಪಕ್ಕದಲ್ಲಿಟ್ಟು ಯಾವುದು ಮೇಲು ಎಂದು ಕೇಳಿದರೆ ಏನೂ ದಕ್ಕುವುದಿಲ್ಲ. ಮೊದಲನೆಯದರಲ್ಲಿ ಜೋಗದ ಜಲಪಾತವೂ ಮಳೆಯೂ ಪ್ರೇಮದ ಉತ್ಸಾಹವನ್ನು ಹೊತ್ತು ನಿಲ್ಲುತ್ತವೆ, ಹಾಡುಗಳು ಕಥೆಯಷ್ಟೇ ಮುಖ್ಯವಾಗುತ್ತವೆ. ಎರಡನೆಯದರಲ್ಲಿ ಎಳೆಯ ವಿಧವೆಯೊಬ್ಬಳ ಬಹಿಷ್ಕಾರವನ್ನು ವೇದಪಾಠಕ್ಕೆ ಬಂದ ಪುಟ್ಟ ಹುಡುಗನ ಕಣ್ಣಿನಿಂದ, ಕಪ್ಪು-ಬಿಳುಪಿನಲ್ಲಿ ಕಾಣುತ್ತೇವೆ. ಆದ್ದರಿಂದ ಪ್ರತಿ ಚಿತ್ರವೂ ತಾನು ಮಾಡಹೊರಟದ್ದನ್ನು ಸಾಧಿಸಿತೇ ಎಂದು ಮೊದಲು ಕೇಳಿಕೊಂಡು, ಆಮೇಲೆ ನಿಮ್ಮ ಒಲವನ್ನು ಅಳುಕಿಲ್ಲದೆ ಹೇಳಿ. ನನ್ನನ್ನು ಹೆಚ್ಚು ಕಾಲ ಕಾಡಿದ್ದು ‘ಘಟಶ್ರಾದ್ಧ’ದ ಮೌನ.

ಮಲೆನಾಡಿನ ಪ್ರೇಕ್ಷಕರಿಗೆ ಇನ್ನೊಂದು ಅನುಕೂಲವಿದೆ. ಆಗುಂಬೆ, ತೀರ್ಥಹಳ್ಳಿಗಳ ಮಳೆಯಲ್ಲಿ ಬೆಳೆದವರು, ತೆರೆಯ ಮೇಲೆ ನಾಯಕ ತೊಯ್ದು ತೊಪ್ಪೆಯಾಗಿರುವಾಗ ಅವನ ಹಿಂದಿನ ಮರದ ಎಲೆಗಳು ಒಣಗಿಯೇ ಇರುವುದನ್ನು ತಟ್ಟನೆ ಗುರುತಿಸಬಲ್ಲರು. ಅಂಥದ್ದನ್ನು ತಪ್ಪದೆ ಬರೆಯಿರಿ. ನಟನಟಿಯರ ಖಾಸಗಿ ಬದುಕಿನ ಮಾತು ಬೇಡವೇ ಬೇಡ.

ಬರೆದದ್ದನ್ನು, ಅದೇ ಚಿತ್ರ ಹಿಡಿಸದ ಮನೆಯವರೊಬ್ಬರಿಗೆ ಓದಿ ಹೇಳಿ, ಅವರು ತಡೆದು ಪ್ರಶ್ನಿಸಿದ ಜಾಗದಲ್ಲಿ ಚಿತ್ರದಿಂದಲೇ ಇನ್ನೊಂದು ಉದಾಹರಣೆ ಸೇರಿಸಿ.