ಟೀಮಿನ ಹೊಸ ಪ್ಯಾಚ್ ಬಂತಾ? ಬೈಯೋಕೆ ಮುಂಚೆ ಇಷ್ಟು ನೋಡಿ

ಬೇಸ್‌ಬಾಲ್ ಟೀಮ್ ಒಂದು ಹೊಸ ಪ್ಯಾಚ್ ತೋರಿಸಿದ ದಿನ ಏನಾಗತ್ತೆ ಅಂತ ಈ ಆಟದ ಹುಚ್ಚು ಇರೋರಿಗೆಲ್ಲ ಗೊತ್ತು. ಜರ್ಸಿ ತೋಳಿನ ಮೇಲೆ ಅಂಗೈಯಷ್ಟಗಲ ಒಂದು ಬಟ್ಟೆ ತುಂಡು, ಟೀಮಿಗೆ ಐವತ್ತು ವರ್ಷ ಅಂತಲೋ, ಸ್ಟೇಡಿಯಂ ಹೊಸದು ಅಂತಲೋ, ಹಳೇ ಆಟಗಾರ ತೀರ್ಕೊಂಡ್ರು ಅಂತಲೋ, ಒಂದು ಸೀಸನ್ ಇರತ್ತೆ ಆಮೇಲೆ ಕಿತ್ತು ಹಾಕ್ತಾರೆ. ಅಷ್ಟಕ್ಕೇ ಹತ್ತು ನಿಮಿಷದಲ್ಲಿ ಒಬ್ಬ ಥೂ ಅಂತಾನೆ, ಇನ್ನೊಬ್ಬ ನನ್ನ ಮಗಳು ಇದಕ್ಕಿಂತ ಚೆನ್ನಾಗಿ ಬಿಡಿಸ್ತಾಳೆ ಅಂತಾನೆ, ಮೂರನೆಯವನು ಆಗಲೇ ಎಡಿಟ್ ಮಾಡಿ ತನ್ನದೇ ಡಿಸೈನ್ ಹಾಕಿರ್ತಾನೆ. ನಾನೂ ಆ ಗುಂಪಿನವನೇ, ಅದೂ ನ್ಯೂಯಾರ್ಕ್ ಮೆಟ್ಸ್ ಫ್ಯಾನ್, ಅಂದ್ರೆ ಬೈಯೋದ್ರಲ್ಲಿ ಪಳಗಿದ ಕೈ.

ಬೈಬೇಡಿ ಅಂತ ಹೇಳೋಕೆ ಬಂದಿಲ್ಲ. ಏನಕ್ಕೆ ಬೈತಿದೀವಿ ಅಂತ ಗೊತ್ತು ಮಾಡ್ಕೊಂಡು ಬೈದ್ರೆ ಕೆಲವು ಸಲ ಟೀಮಿನವರು ಕೇಳ್ತಾರೆ, ಸುಮ್ನೆ ಕೂಗಾಡಿದ್ರೆ ಕೇಳಲ್ಲ, ಇಷ್ಟೇ ನನ್ನ ವಾದ. ಹೇಗೆ ನೋಡೋದು ಅಂತ ನನಗೆ ಅಭ್ಯಾಸ ಆಗಿರೋ ಕ್ರಮದಲ್ಲಿ ಹೇಳ್ತಾ ಹೋಗ್ತೀನಿ.

ಮೊದಲು ಮಾಡ್ಬೇಕಾದ್ದು, ಫೋನ್ ಕೆಳಗಿಡೋದು. ಟೀಮಿನವರು ಬಿಡೋ ಚಿತ್ರದಲ್ಲಿ ಪ್ಯಾಚ್ ಸ್ಕ್ರೀನ್ ತುಂಬ ಇರತ್ತೆ, ಹೊಳೀತಾ ಇರತ್ತೆ, ನೀವು ಅದನ್ನ ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಅಕ್ಷರ ಸರಿ ಇಲ್ಲ ಅಂತ ಹುಡುಕ್ತೀರಿ. ಆದ್ರೆ ನಿಜವಾದ ಪ್ಯಾಚ್ ಆಡೋನ ತೋಳಿನ ಮೇಲೆ ಸುಮಾರು ನಾಲ್ಕು ಇಂಚು ಇರೋದು, ಅದನ್ನ ನೋಡೋದು ಮೇಲಿನ ಸ್ಟ್ಯಾಂಡಿಂದ ಇಲ್ಲಾ ಟಿವಿಯಿಂದ. ಅದಕ್ಕೆ ನಾನು ಒಂದು ಕೆಲಸ ಮಾಡ್ತೀನಿ, ನಗಬೇಡಿ. ಆ ಚಿತ್ರನ ನಾಲ್ಕು ಇಂಚಿಗೆ ಪ್ರಿಂಟ್ ತೆಗೆದು, ಕತ್ತರಿಸಿ, ಅಂಗಿ ತೋಳಿಗೆ ಪಿನ್ ಹಾಕ್ಕೊಂಡು ರೂಮಿನ ಆ ತುದಿಗೆ ಹೋಗಿ ನಿಂತ್ಕೊಂಡು ಮನೆಯವಳಿಗೆ "ಏನ್ ಕಾಣ್ಸತ್ತೆ ಹೇಳು" ಅಂತೀನಿ. ಅವಳಿಗೆ ಬೇಸ್‌ಬಾಲ್ ಗಂಧಗಾಳಿ ಇಲ್ಲ, ಅದೇ ಬೇಕಾಗಿರೋದು. "ನೀಲಿ ಗುಂಡಗಿದೆ, ಒಳಗೆ ಏನೋ ನಂಬರ್" ಅಂದ್ರೆ ಪಾಸು. "ಏನೋ ಮೆತ್ಕೊಂಡಿದೆ ಕಣ್ರೀ, ಸಾಂಬಾರ್ ಚೆಲ್ಕೊಂಡ್ರಾ" ಅಂದ್ರೆ ಫೇಲು.

ಹಾಗೇ ಕೈ ಬೀಸಿ ನೋಡಿ, ಬ್ಯಾಟ್ ಹಿಡಿದೋರ ಥರ. ತೋಳು ಗುಂಡಗಿರತ್ತೆ, ಕಾಗದದ ಎರಡು ಅಂಚೂ ಹಿಂದಕ್ಕೆ ಸುತ್ಕೊಂಡು ಮರೆಯಾಗತ್ತೆ. ಅಗಲವಾದ ಪ್ಯಾಚುಗಳ ಗತಿ ಇದೇ, ಎಡಗಡೆ ಹುಟ್ಟಿದ ವರ್ಷ ಬಲಗಡೆ ಈ ವರ್ಷ ಅಂತ ಹಾಕಿರ್ತಾರೆ, ಎರಡೂ ಕಾಣಲ್ಲ, ಮಧ್ಯದಲ್ಲಿರೋ ಗೀಟು ಮಾತ್ರ ಕಾಣತ್ತೆ.

ಇನ್ನೊಂದು, ಇದು ಪ್ರಿಂಟ್ ಅಲ್ಲ ದಾರದ ಕೆಲಸ. ಕಸೂತಿಯಲ್ಲಿ ಅರ್ಧ ಸೆಂಟಿಮೀಟರ್‌ಗಿಂತ ಚಿಕ್ಕ ಅಕ್ಷರ ಹೊಲಿದ್ರೆ "ಎ" "ಇ" ಒಳಗಿನ ತೂತೆಲ್ಲ ಮುಚ್ಚಿ ಹೋಗತ್ತೆ. ಬಣ್ಣ ಕರಗಿ ಇನ್ನೊಂದು ಬಣ್ಣಕ್ಕೆ ಸೇರೋ ಥರದ ಶೇಡು ಸ್ಕ್ರೀನ್ ಮೇಲೆ ಚೆಂದ, ದಾರದಲ್ಲಿ ಪಟ್ಟಿ ಪಟ್ಟಿ. ಅಂಚು ನೋಡಿ, ಗುಂಡಗೆ ಚೌಕಕ್ಕೆ ಇರೋ ಪ್ಯಾಚಿಗೆ ದಪ್ಪ ದಾರದ ಸುತ್ತು ಅಂಚು ಹೊಲೀಬಹುದು, ಕಟ್ಟಡದ ಆಕಾರಕ್ಕೆ ಮೂಲೆ ಮೂಲೆ ಕತ್ತರಿಸಿದ್ರೆ ಆ ಅಂಚು ಬರಲ್ಲ, ಬೇರೆ ಹೊಲಿಗೆ ಹಾಕ್ಬೇಕು. ಹಾಗಾಗಿ "ಹಳೇ ಕಾಲದ ಪ್ಯಾಚ್ ಎಷ್ಟು ಚೆನ್ನಾಗಿರ್ತಿತ್ತು" ಅಂತ ನಿಮಗೆ ಅನ್ಸಿದ್ರೆ ಅದರಲ್ಲಿ ಅರ್ಧ ಪಾಲು ಆ ದಪ್ಪ ಅಂಚಿಂದು.

ಆಮೇಲೆ, ಯಾವ ಜರ್ಸಿ ಮೇಲೆ ಬರತ್ತೆ ನೋಡಿ. ಮನೆಯಂಗಳದ ಬಿಳಿ, ಹೊರಗೆ ಹೋದಾಗ ಬೂದು, ಅದರ ಜೊತೆ ಬಣ್ಣದ ಜರ್ಸಿ ಒಂದೆರಡು. ನೀಲಿ ಪ್ಯಾಚ್ ಬಿಳಿ ಮೇಲೆ ಎದ್ದು ಕಾಣತ್ತೆ, ಮೆಟ್ಸ್‌ನ ನೀಲಿ ಜರ್ಸಿ ಮೇಲೆ ಹಾಕಿದ್ರೆ ಕಾಣೆಯಾಗತ್ತೆ, ಸುತ್ತ ಒಂದು ಬಿಳಿ ಇಲ್ಲಾ ಕಿತ್ತಳೆ ಅಂಚು ಇದ್ರೆ ಬಚಾವ್.

ಇನ್ನೊಂದು ತೋಳಲ್ಲಿ ಏನಿದೆ ಅನ್ನೋದು ಈಗ ದೊಡ್ಡ ಪ್ರಶ್ನೆ. ಕ್ರಿಕೆಟ್ ಜರ್ಸಿ ನೋಡಿ ಬೆಳೆದೋರಿಗೆ ಇದು ವಿಚಿತ್ರ ಅನ್ಸಬಹುದು, ಮೇಜರ್ ಲೀಗ್‌ನಲ್ಲಿ, ಅಂದ್ರೆ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್‌ನಲ್ಲಿ, 2023ರವರೆಗೆ ಜರ್ಸಿ ಮೇಲೆ ಜಾಹೀರಾತು ಪ್ಯಾಚ್ ಹಾಕೋ ಪದ್ಧತಿಯೇ ಇರಲಿಲ್ಲ. ಈಗ ತೋಳಿಗೆ ಒಂದು ಬಂದಿದೆ, ಅದೂ ಬಲಗೈ ಬ್ಯಾಟರಿಗೆ ಎಡ ತೋಳು ಎಡಗೈ ಬ್ಯಾಟರಿಗೆ ಬಲ ತೋಳು ಅಂತ ಕ್ಯಾಮೆರಾಗೆ ಕಾಣೋ ಕಡೆ ಹಾಕ್ತಾರೆ. ಹಾಗಾದ್ರೆ ನಿಮ್ಮ ಐವತ್ತು ವರ್ಷದ ನೆನಪಿನ ಪ್ಯಾಚ್ ಎಲ್ಲಿಗೆ ಹೋಗ್ಬೇಕು? ಕ್ಯಾಮೆರಾಗೆ ಕಾಣದೇ ಇರೋ ಕಡೆಗೆ. ಇದಕ್ಕೆ ಬೈಯಿರಿ, ಧಾರಾಳವಾಗಿ ಬೈಯಿರಿ, ಆದ್ರೆ ಡಿಸೈನ್ ಮಾಡಿದ ಪಾಪದವನಿಗಲ್ಲ.

ಈಗ ನನಗೆ ಇಷ್ಟವಾದ ಭಾಗ, ವರ್ಷದ ಲೆಕ್ಕ. ಪ್ಯಾಚ್ ಮೇಲೆ ಬರೆದಿರೋದು "ಐವತ್ತನೇ ಸೀಸನ್" ಅಂತಲೋ "ಐವತ್ತು ವರ್ಷ" ಅಂತಲೋ ಸರಿಯಾಗಿ ಓದಿ, ಎರಡೂ ಒಂದೇ ಅಲ್ಲ. ನಮ್ಮ ಮೆಟ್ಸನ್ನೇ ತಗೊಳ್ಳಿ. ಮೊದಲ ಸೀಸನ್ 1962. ಇಪ್ಪತ್ತೈದರ ಪ್ಯಾಚ್ ಹಾಕಿದ್ದು 1986ರಲ್ಲಿ, ಅದು ಇಪ್ಪತ್ತೈದನೇ ಸೀಸನ್. ಸರಿ, ಹಾಗಾದ್ರೆ ಐವತ್ತರದ್ದು 2011ರಲ್ಲಿ ಬರ್ಬೇಕಲ್ವಾ? ಬಂದಿದ್ದು 2012ರಲ್ಲಿ, ಅಂದ್ರೆ ಐವತ್ತೊಂದನೇ ಸೀಸನ್‌ನಲ್ಲಿ. ಒಂದು ಸಲ ಸೀಸನ್ ಎಣಿಸಿದ್ರು ಇನ್ನೊಂದು ಸಲ ಹುಟ್ಟಿದಹಬ್ಬ ಎಣಿಸಿದ್ರು. 1986ರ ಲೆಕ್ಕದ ಬಗ್ಗೆ ಯಾರೂ ತಕರಾರು ತೆಗೆದಿದ್ದು ನಾನು ಕೇಳಿಲ್ಲ, ಆ ವರ್ಷ ವರ್ಲ್ಡ್ ಸೀರೀಸ್, ಅಂದ್ರೆ ಲೀಗ್‌ನ ಫೈನಲ್, ಗೆದ್ರಲ್ಲ.

ಇದಕ್ಕಿಂತ ದೊಡ್ಡ ಲೆಕ್ಕದ ಎಡವಟ್ಟು 1939ರದ್ದು. ಬೇಸ್‌ಬಾಲ್‌ಗೆ ನೂರು ವರ್ಷ ಅಂತ ಮೇಜರ್ ಲೀಗ್‌ನ ಹದಿನಾರೂ ಟೀಮು ತೋಳಿಗೆ ಒಂದೇ ಪ್ಯಾಚ್ ಹಾಕ್ಕೊಂಡ್ರು, ಆಬ್ನರ್ ಡಬಲ್‌ಡೇ ಅನ್ನೋರು 1839ರಲ್ಲಿ ಕೂಪರ್ಸ್‌ಟೌನ್ ಅನ್ನೋ ಊರಲ್ಲಿ ಆಟ ಕಂಡುಹಿಡಿದ್ರು ಅನ್ನೋ ನಂಬಿಕೆಯ ಮೇಲೆ. ಆ ವರ್ಷ ಆತ ಕೂಪರ್ಸ್‌ಟೌನ್‌ನಲ್ಲಿ ಇರಲೇ ಇಲ್ಲ, ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಲ್ಲಿ ಓದ್ತಿದ್ರು, ಕಥೆ ಪೂರ್ತಿ ಕಟ್ಟುಕಥೆ. ಆದ್ರೂ ಆ ಪ್ಯಾಚ್ ಅಂದ್ರೆ ಜನಕ್ಕೆ ಪ್ರಾಣ, ಯಾಕಂದ್ರೆ 1939ರ ಜುಲೈ 4ರಂದು ಯಾಂಕೀ ಸ್ಟೇಡಿಯಂನಲ್ಲಿ ಕಾಯಿಲೆ ಬಿದ್ದ ಯಾಂಕೀಸ್ ಆಟಗಾರ ಲೂ ಗೆಹ್ರಿಗ್ ಆಟಕ್ಕೆ ವಿದಾಯ ಹೇಳಿದಾಗ ಅವರ ಎಡ ತೋಳಿನ ಮೇಲೆ ಇದ್ದಿದ್ದು ಅದೇ. ಆ ಫೋಟೋ ಹುಡುಕಿ ನೋಡಿ, ತಲೆ ಬಗ್ಗಿಸಿ ನಿಂತಿದಾರೆ. ಇವತ್ತು ನೀವು ನಗ್ತಿರೋ ಪ್ಯಾಚ್ ಹಾಕ್ಕೊಂಡು ಜುಲೈನಲ್ಲಿ ಯಾರು ಏನು ಮಾಡ್ತಾರೋ ಯಾರಿಗ್ಗೊತ್ತು, ಅದಕ್ಕೇ ಮಾರ್ಚ್‌ನಲ್ಲಿ "ಇತಿಹಾಸದಲ್ಲೇ ಕೆಟ್ಟದ್ದು" ಅಂತ ಬರೆಯೋ ಮುಂಚೆ ಸ್ವಲ್ಪ ಕೈ ತಡೀರಿ.

ತೀರ್ಕೊಂಡೋರ ನೆನಪಿಗೆ ಹಾಕೋ ಪ್ಯಾಚಿಗೆ ಅಳತೆಗೋಲೇ ಬೇರೆ. ಅಲ್ಲಿ ಡಿಸೈನ್ ಕಮ್ಮಿ ಇದ್ದಷ್ಟೂ ಒಳ್ಳೇದು ಅಂತ ನನ್ನ ಅಭಿಪ್ರಾಯ. 2002ರ ಜೂನ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಮ್ಮ ಕಾಮೆಂಟೇಟರ್ ಜಾಕ್ ಬಕ್ ಅವರನ್ನ ಕಳ್ಕೊಂಡ್ರು, ನಾಲ್ಕು ದಿನಕ್ಕೆ ಪಿಚರ್ ಡ್ಯಾರಿಲ್ ಕೈಲ್ ಹೋಗ್ಬಿಟ್ರು. ಹಾಕಿದ್ದು ಬಕ್ ಹೆಸರಿನ ಇನಿಷಿಯಲ್ ಜೆಎಫ್‌ಬಿ ಅಂತ ಮೂರಕ್ಷರ, ಕೈಲ್ ಇನಿಷಿಯಲ್ಲು ಜರ್ಸಿ ನಂಬರು ಸೇರಿಸಿ ಡಿಕೆ 57 ಅಂತ ಇನ್ನೊಂದು, ಅಷ್ಟೇ. ಏನು ಕಮ್ಮಿ ಆಯ್ತು? ಇಂಥ ಪ್ಯಾಚ್ ಬಂದಾಗ ಅಕ್ಷರ ಶೈಲಿ ಬಗ್ಗೆ ಕಾಮೆಂಟ್ ಹಾಕೋಕೆ ಹೋಗ್ಬೇಡಿ, ಜಾಗದ ಬಗ್ಗೆ ಬೇಕಾದ್ರೆ ಮಾತಾಡಿ. 2010ರಲ್ಲಿ ಯಾಂಕೀಸ್‌ನ ಓನರ್ ಸ್ಟೈನ್‌ಬ್ರೆನರ್, ಸ್ಟೇಡಿಯಂ ಅನೌನ್ಸರ್ ಬಾಬ್ ಶೆಪರ್ಡ್ ಇಬ್ಬರೂ ಎರಡು ದಿನದ ಅಂತರದಲ್ಲಿ ತೀರ್ಕೊಂಡಾಗ ಓನರದ್ದು ಎದೆ ಮೇಲೆ ಬಂತು, ಅನೌನ್ಸರದ್ದು ತೋಳಿನ ಮೇಲೆ. ಇದರ ಬಗ್ಗೆ ಚರ್ಚೆ ಮಾಡಬಹುದು, ಮಾಡಲೇಬೇಕು. ಇನ್ನು 2014ರ ಸೆಪ್ಟೆಂಬರ್‌ನಲ್ಲಿ ಆ ಸೀಸನ್‌ಗೆ ಆಟ ಬಿಡ್ತಿದ್ದ ಡೆರೆಕ್ ಜೀಟರ್ ಗೌರವಕ್ಕೆ ಯಾಂಕೀಸ್ ಟೋಪಿಗೂ ತೋಳಿಗೂ ಪ್ಯಾಚ್ ಹಾಕಿದ್ರು, ಆತ ಇನ್ನೂ ಆಡ್ತಾ ಇದ್ರು, ತನ್ನದೇ ಪ್ಯಾಚ್ ತಾನೇ ಹಾಕ್ಕೊಂಡು ಬ್ಯಾಟ್ ಹಿಡ್ಕೊಂಡು ನಿಂತಿದ್ರು. ಜೀಟರ್ ದೊಡ್ಡ ಆಟಗಾರ, ಒಪ್ಪೋಣ, ಅದು ಮಾತ್ರ ನಂಗೆ ಸ್ವಲ್ಪ ಅತಿ ಅನ್ನಿಸ್ತು.

ಇಷ್ಟೆಲ್ಲ ನೋಡಿದ ಮೇಲೂ ಸಿಟ್ಟು ಇಳೀದೇ ಇದ್ರೆ ನಿಮ್ಮನ್ನೇ ಕೇಳ್ಕೊಳ್ಳಿ, ಸಿಟ್ಟು ಪ್ಯಾಚಿನ ಮೇಲೇನಾ? 2009ರಲ್ಲಿ ನಮ್ಮ ಹೊಸ ಸ್ಟೇಡಿಯಂ ಸಿಟಿ ಫೀಲ್ಡ್ ಶುರುವಾದಾಗ ಮೆಟ್ಸ್ ಒಂದು ಪ್ಯಾಚ್ ತಂದ್ರು, ಮೊದಲ ಸೀಸನ್ ಅಂತ. ಜನ ಬಿದ್ದು ಬಿದ್ದು ನಕ್ರು, ಪಿಝಾ ಡಬ್ಬದ ಮೇಲಿನ ಲೋಗೋ ಥರ ಇದೆ ಅಂತ. ನಾನೂ ನಕ್ಕೆ. ಬೋಳು ಬೋಳಾಗಿತ್ತು, ಅದು ನಿಜ. ಆದ್ರೆ ಆಗ ನಮಗೆ ಏನೇನಾಗಿತ್ತು ಲೆಕ್ಕ ಹಾಕಿ. 2008ರ ಸೆಪ್ಟೆಂಬರ್ 28, ನಮ್ಮ ಹಳೇ ಶೇ ಸ್ಟೇಡಿಯಂನ ಕಟ್ಟಕಡೆಯ ಮ್ಯಾಚ್, ಗೆದ್ದಿದ್ರೆ ಪ್ಲೇಆಫ್ ಆಸೆ ಉಳೀತಿತ್ತು, ಮಾರ್ಲಿನ್ಸ್ ಕೈಲಿ ಸೋತ್ರು, ಹಿಂದಿನ ವರ್ಷಾನೂ ಕೊನೇ ದಿನ ಅದೇ ಟೀಮಿನ ಕೈಲಿ ಅದೇ ಗತಿ. ಸೋತ ಮೇಲೆ ಅಲ್ಲೇ ವಿದಾಯ ಸಮಾರಂಭ, ಮೆಟ್ಸ್‌ನ ಹಳೇ ಹೀರೋಗಳು ಟಾಮ್ ಸೀವರ್ ಮೈಕ್ ಪಿಯಾಝಾ ಇಬ್ಬರೂ ನಡ್ಕೊಂಡು ಹೋಗಿ ಗೇಟ್ ಮುಚ್ಚಿದ್ರು. ಫೆಬ್ರವರಿ ಹೊತ್ತಿಗೆ ಶೇ ನೆಲಸಮ. ಹೊಸ ಸ್ಟೇಡಿಯಂಗೆ ಸಿಟಿಗ್ರೂಪ್ ಬ್ಯಾಂಕಿನ ಹೆಸರು, ಇಪ್ಪತ್ತು ವರ್ಷಕ್ಕೆ 40 ಕೋಟಿ ಡಾಲರ್ ಒಪ್ಪಂದ, ಅದೇ ಬ್ಯಾಂಕಿಗೆ ಆಗ ತಾನೇ ಸರ್ಕಾರ ಜನರ ದುಡ್ಡು ಸುರಿದು ಉಳಿಸಿತ್ತು. ಒಳಗೆ ಹೋದ್ರೆ ಯಾವತ್ತೋ ನ್ಯೂಯಾರ್ಕ್ ಬಿಟ್ಟು ಹೋದ ಬ್ರೂಕ್ಲಿನ್ ಡಾಡ್ಜರ್ಸ್ ಟೀಮಿನ ನೆನಪು ಎದ್ದು ಕಾಣ್ತಿತ್ತು, ಮೆಟ್ಸ್ ಎಲ್ಲಿ ಅಂತ ಹುಡುಕ್ಬೇಕು. ಇಷ್ಟೂ ಹೊಟ್ಟೆಯುರಿಗೆ ಕೈಗೆ ಸಿಕ್ಕಿದ್ದು ಆ ನಾಲ್ಕಿಂಚಿನ ಬಟ್ಟೆ. ಸ್ಟೇಡಿಯಂ ವಾಪಸ್ ಕೊಡಿ ಅಂದ್ರೆ ಯಾರು ಕೊಡ್ತಾರೆ, ಲೋಗೋ ಕೆಟ್ಟದಾಗಿದೆ ಅಂತ ಹೇಳೋದಾದ್ರೂ ಸಾಧ್ಯ.

ಹೀಗೇ 2025ರಲ್ಲಿ ಅಥ್ಲೆಟಿಕ್ಸ್ ಅನ್ನೋ ಟೀಮ್ ತನ್ನೂರು ಓಕ್‌ಲೆಂಡ್ ಬಿಟ್ಟು ಸ್ಯಾಕ್ರಮೆಂಟೋ ಪಕ್ಕದಲ್ಲಿ ಬಾಡಿಗೆ ಮನೆ ಥರ ಕೂತ್ಕೊಂಡು, ಮುಂದೆ ಹೋಗ್ಬೇಕಂತಿರೋ ಲಾಸ್ ವೇಗಸ್ ಹೆಸರಿನ ಪ್ಯಾಚ್ ತೋಳಿಗೆ ಹಾಕ್ಕೊಂಡಾಗ, ಓಕ್‌ಲೆಂಡ್ ಫ್ಯಾನ್‌ಗೆ ಅದರ ಬಣ್ಣ ಹೇಗಿದೆ ಅಂತ ಕೇಳೋದು ಗಾಯಕ್ಕೆ ಉಪ್ಪು ಸವರಿದ ಹಾಗೆ. ಬೇರೆಯವರ ಟೀಮಿನ ಪ್ಯಾಚ್ ಬಗ್ಗೆ ಜೋಕ್ ಮಾಡೋಕೆ ಮುಂಚೆ ಈ ಒಂದು ವಿಷಯ ನೋಡ್ಕೊಳ್ಳಿ ಸಾಕು.

ಕೊನೆಗೆ ಬರೆಯೋದು ಹೇಗೆ. ಒಂದೇ ದೂರು, ಸ್ಪಷ್ಟವಾಗಿ. 2023ರಲ್ಲಿ ಮೆಟ್ಸ್ ತೋಳಿಗೆ ಆಸ್ಪತ್ರೆಯ ಜಾಹೀರಾತು ಪ್ಯಾಚ್ ಬಂತು, ದೊಡ್ಡ ಚೌಕ, ಕೆಂಪು ಬಿಳಿ. ಫ್ಯಾನ್ಸ್ ಹೇಳಿದ್ದು ಚೆನ್ನಾಗಿಲ್ಲ ಅಂತ ಮಾತ್ರ ಅಲ್ಲ, ಇದು ಫಿಲಡೆಲ್ಫಿಯಾ ಫಿಲ್ಲೀಸ್ ಬಣ್ಣ ಕಣ್ರಪ್ಪಾ, ಎದುರಾಳಿ ಬಣ್ಣ ನಮ್ಮ ಮೈಮೇಲೆ ಯಾಕೆ ಅಂತ. ಓನರ್ ಸ್ಟೀವ್ ಕೋಹೆನ್ ಅವರೇ ಹೌದು ಅಂತ ಒಪ್ಕೊಂಡ್ರು, ಅದನ್ನ ಮೆಟ್ಸ್ ಬಣ್ಣಕ್ಕೆ ತಿರುಗಿಸಿದ್ರು. 2012ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಮ್ಮ ಐವತ್ತು ವರ್ಷಕ್ಕೆ ಟೀಮಿನ ಮೊದಲ ಹೆಸರಾದ ಕೋಲ್ಟ್ 45 ಕಾಲದ ಹಳೇ ಜರ್ಸಿ ಹಾಕ್ತೀವಿ ಅಂದ್ರು, ಎದೆ ಮೇಲಿದ್ದ ಪಿಸ್ತೂಲಿನ ಚಿತ್ರ ಮಾತ್ರ ತೆಗೆದು. ಪಿಸ್ತೂಲು ಬೇಕಾ ಬೇಡ್ವಾ ಅನ್ನೋದು ಬೇರೆ ಮಾತು, ಫ್ಯಾನ್ಸ್ ಕೇಳಿದ್ದು ಒಂದೇ, ಹಳೇದು ಅಂತ ಹಾಕೋದಾದ್ರೆ ಹಳೇದು ಇದ್ದ ಹಾಗೇ ಹಾಕಿ. ಲೀಗ್ ಮನಸ್ಸು ಬದಲಾಯಿಸ್ತು, ಪಿಸ್ತೂಲು ವಾಪಸ್ ಬಂತು. ಹಾಗಾಗಿ "ಡಿಸೈನರ್ ಕೈ ಕಡೀರಿ" ಅಂತ ಬರೆಯೋ ಬದಲು "ನೀಲಿ ಜರ್ಸಿ ಮೇಲೆ ಕಾಣಲ್ಲ, ಒಂದು ಬಿಳಿ ಅಂಚು ಕೊಡಿ" ಅಂತ ಬರೀರಿ. ಲೈಕ್ ಕಮ್ಮಿ ಬೀಳತ್ತೆ, ಅದು ಒಪ್ಕೋಬೇಕು.

ಅಕಸ್ಮಾತ್ ಪ್ಯಾಚ್ ಇಷ್ಟ ಆಗ್ಬಿಟ್ರೆ, ಅಂಥದ್ದೂ ಆಗತ್ತೆ, ಪ್ಯಾಚ್ ಇರೋ ಹೊಸ ಜರ್ಸಿಗೆ ದುಡ್ಡು ಸುರೀಬೇಡಿ, ಬಿಡಿ ಪ್ಯಾಚ್ ತಗೊಂಡು ಇರೋ ಜರ್ಸಿಗೇ ಹೊಲ್ಕೊಳ್ಳಿ. ಜರ್ಸಿ ಹಾಕ್ಕೊಂಡು, ಕೈ ಇಳಿಬಿಟ್ಟು, ಕನ್ನಡಿ ಮುಂದೆ ನಿಂತು ಜಾಗ ಗುರುತು ಮಾಡಿ, ಮೇಜಿನ ಮೇಲೆ ಹರಡಿ ಗುರುತು ಮಾಡಿದ್ರೆ ಓರೆ ಬರತ್ತೆ. ಪಿನ್ ಹಾಕಿ, ಅಂಚಿನ ಬಣ್ಣದ ದಾರದಲ್ಲೇ ಸಣ್ಣ ಸಣ್ಣ ಹೊಲಿಗೆ ಕೈಯಲ್ಲೇ ಹಾಕಿ, ತೋಳಿನ ಹಿಂದಿನ ಪದರ ಸೇರಿಸಿ ಹೊಲಿದುಬಿಡಬೇಡಿ, ಆಮೇಲೆ ಕೈ ತೂರಲ್ಲ. ಹಿಂದೆ ಅಂಟು ಇದೆ ಅಂತ ಇಸ್ತ್ರಿ ಪೆಟ್ಟಿಗೆ ಮಾತ್ರ ಮುಟ್ಟಬೇಡಿ, ಜರ್ಸಿ ಪಾಲಿಸ್ಟರ್. ನಾನು ಮುಟ್ಟಿದ್ದೆ. ಪ್ಯಾಚ್ ಏನೋ ಅಂಟ್ಕೊಂತು, ಅದರ ಸುತ್ತ ಇಸ್ತ್ರಿ ಪೆಟ್ಟಿಗೆ ಮೂತಿ ಆಕಾರದಲ್ಲಿ ಪಳಪಳ ಹೊಳೆಯೋ ಕಲೆ. ಹದಿನೈದು ಅಡಿ ದೂರದಿಂದ ಮನೆಯವಳನ್ನ ಕೇಳಿದೆ, ಏನ್ ಕಾಣ್ಸತ್ತೆ ಅಂತ. "ಪ್ಯಾಚ್ ಕಾಣಲ್ಲ, ಇಸ್ತ್ರಿ ಪೆಟ್ಟಿಗೆ ಚೆನ್ನಾಗಿ ಕಾಣತ್ತೆ" ಅಂದ್ಳು.