ಕಾಫಿ ಕೊಯ್ಲಿನ ಚಳಿಯಲ್ಲಿ ಕೈ ಎಕ್ಸಿಮಾ ನಿಭಾಯಿಸುವ ಬಗೆ

ಡಿಸೆಂಬರ್, ಜನವರಿಯಲ್ಲಿ ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಬೆಳಗಿನ ಇಬ್ಬನಿ, ಮಧ್ಯಾಹ್ನದ ಒಣಗಾಳಿ, ಹಣ್ಣಿನ ಅಂಟುರಸ ಮೂರೂ ಸೇರಿ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ತೊಂದರೆ) ಇರುವ ಕೈಯನ್ನು ಬಿರಿಯಿಸುತ್ತವೆ. ಪದೇ ಪದೇ ಒದ್ದೆಯಾಗಿ ಒಣಗಿದರೆ ಚರ್ಮದ ಎಣ್ಣೆಪದರ ಕಳಚಿಹೋಗುತ್ತದೆ.

ಕೆಲಸಕ್ಕೆ ಹೊರಡುವ ಮೊದಲು ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ. ಮೇಲೆ ಹತ್ತಿಯ ಗ್ಲೌಸ್, ಅದರ ಮೇಲೆ ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್. ಲ್ಯಾಟೆಕ್ಸ್ (ಸಹಜ ರಬ್ಬರ್) ಗ್ಲೌಸ್ ಬೇಡ: ಜೆಲ್ಲಿ ತಾಗಿದರೆ ಹರಿಯುತ್ತದೆ, ಕೆಲವರಿಗೆ ಅಲರ್ಜಿಯೂ ಆಗುತ್ತದೆ. ಹತ್ತಿಯದು ಬೆವರಿಗೆ ಒದ್ದೆಯಾದ ಕೂಡಲೇ ಬದಲಿಸಬೇಕು. ಚೀಲದಲ್ಲಿ ಮೂರು ಜೋಡಿಯಾದರೂ ಇರಲಿ. ಬೆರಳಿಗೆ ಹಣ್ಣು ಸಿಗುವುದಿಲ್ಲ ಎಂಬ ದೂರು ನಿಜವೇ, ಆದರೆ ಬಿರಿದ ಬೆರಳಿಗೂ ಸಿಗುವುದಿಲ್ಲ.

ಚಳಿಗೆ ಕೈಯನ್ನು ಬೆಂಕಿಗೆ ಹಿಡಿಯಬೇಡಿ. ಸಂಜೆ ಹಂಡೆಯ ಸುಡುನೀರಿನ ಆಸೆಯನ್ನೂ ಬಿಡಿ, ತುರಿಕೆಗೆ ಆ ಕ್ಷಣ ಹಾಯೆನಿಸಿ ಆಮೇಲೆ ಎರಡರಷ್ಟಾಗುತ್ತದೆ. ಉಗುರುಬೆಚ್ಚಗಿನ ನೀರು, ಪರಿಮಳವಿಲ್ಲದ ಸೌಮ್ಯ ಸೋಪು. ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮೊದಲೇ, ಮೂರು ನಿಮಿಷದೊಳಗೆ ದಪ್ಪ ಮಾಯಿಶ್ಚರೈಸರ್ ಹಚ್ಚಿ. ಯೂರಿಯಾ ಇರುವ ಕ್ರೀಮು ಒರಟು ಚರ್ಮಕ್ಕೆ ಒಳ್ಳೆಯದು, ತೆರೆದ ಬಿರುಕಿಗೆ ಮಾತ್ರ ಉರಿ.

ವೈದ್ಯರು ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದರೆ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗಿನ ಒಂದು ಗೆರೆ, ಅಂದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹೇಳಿದಷ್ಟೇ ದಿನ ಹಚ್ಚಿ. ಅಂಗಡಿಯವರು ಕೊಡುವ, ಸ್ಟೀರಾಯ್ಡ್ ಬೆರೆತ 'ಎಲ್ಲಕ್ಕೂ ಒಂದೇ' ಟ್ಯೂಬು ದೂರವಿರಲಿ. ಅದು ಹುಳುಕಡ್ಡಿಯ ಚಹರೆ ಮರೆಸಿ ಹಬ್ಬಿಸುತ್ತದೆ. ಕೀವು, ಹಳದಿ ಹೊಪ್ಪಳೆ, ಜ್ವರ ಕಂಡರೆ ಕೊಯ್ಲು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.