ಬಲ್ಬ್ ಉರಿದರೆ ಬೆಳಕು, ಸುಟ್ಟರೆ ಕತ್ತಲೆ

"ಅಕ್ಕಾ, ಮೇಲೆ ಬಲ್ಬ್ ಸುಡ್ತಾ ಇದೆ!"

ಶಿರಸಿಯ ಮಳೆಗಾಲ. ಮೂರು ತಾಸು ಕರೆಂಟ್ ಇರಲಿಲ್ಲ, ಆಗಷ್ಟೇ ಬಂದಿತ್ತು. ವೋಲ್ಟೇಜ್ ಜಾಸ್ತಿಯಾಗಿ ಏನೋ ಆಯಿತೆಂದು ಸೌಟು ಬಿಸಾಕಿ ಓಡಿದೆ, ಮೇನ್ ಸ್ವಿಚ್ ಆರಿಸಿದೆ. ಮನೆಯೆಲ್ಲ ಮತ್ತೆ ಕತ್ತಲೆ. ಮಾಳಿಗೆಯಿಂದ ಬೇಸರದ ಧ್ವನಿ ಬಂತು: "ಅಯ್ಯೋ, ಈಗ ಸುಡ್ತಾ ಇಲ್ಲ!"

ಹುಡುಗ ಲಖನೌ ಕಡೆಯವನು. ಬ್ಯಾಂಕಿನಲ್ಲಿ ಕೆಲಸ, ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದಾನೆ. ಅವನದೂ ತಪ್ಪಲ್ಲ. ಹಿಂದಿಯಲ್ಲಿ ದೀಪಕ್ಕೆ, ಕೈಗೆ, ಅನ್ನಕ್ಕೆ, ಪಕ್ಕದ ಮನೆಯವರ ಹೊಟ್ಟೆಕಿಚ್ಚಿಗೆ ಎಲ್ಲಕ್ಕೂ 'ಜಲ್‌ನಾ' ಒಂದೇ ಸಾಕು. ನಮಗೆ ಸಾಲದು. ನಿಮ್ಮ ಮನೆಯಲ್ಲೂ ಕನ್ನಡ ಕಲಿಯುವವರಿದ್ದರೆ, ನಾನು ಅವನಿಗೆ ಹೇಳಿಕೊಟ್ಟ ಕ್ರಮ ಇದು.

ಬಲ್ಬಿನಿಂದಲೇ ಶುರು ಮಾಡಿ. ಬಲ್ಬ್ ಉರಿಯುತ್ತಿದ್ದರೆ ಬೆಳಕಿದೆ. ಸುಟ್ಟಿದ್ದರೆ ಅಂಗಡಿಗೆ ಹೋಗಬೇಕು. ದೀಪ, ಒಲೆ, ಕಟ್ಟಿಗೆ ಉರಿಯುತ್ತವೆ. ಒಲೆಯ ಜ್ವಾಲೆಗೂ ಉರಿ ಅಂತಲೇ ಹೆಸರು, "ಉರಿ ಸಣ್ಣ ಮಾಡು" ಅನ್ನುತ್ತೇವಲ್ಲ. ಬಚ್ಚಲ ಒಲೆಗೆ ಹಸಿ ಕಟ್ಟಿಗೆ ತುರುಕಿದರೆ ಮಾತ್ರ ಉರಿಯುವುದಿಲ್ಲ, ಹೊಗೆಯುತ್ತದೆ. ಆಷಾಢದಲ್ಲಿ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ.

ಸುಡಬೇಕಾದರೆ ಬಿಸಿ ಯಾವುದಕ್ಕಾದರೂ ತಾಗಬೇಕು. ಹಂಡೆಯ ನೀರು ಕೈ ಸುಡುತ್ತದೆ. ಚಹಾ ನಾಲಗೆ ಸುಡುತ್ತದೆ. ನಾವು ಹಪ್ಪಳ ಸುಡುತ್ತೇವೆ. ನಮ್ಮ ಹುಡುಗ ಒಂದು ವಾರ 'ಸುಡಿತು' ಅಂತಲೇ ಹೇಳಿದ. ಬಿಡು ಬಿಟ್ಟ, ಕೊಡು ಕೊಟ್ಟ, ಹಾಗೇ ಸುಡು ಸುಟ್ಟ ಅಂದ ಮೇಲೆ ಸರಿಹೋಯಿತು.

ಸುಟ್ಟದ್ದೆಲ್ಲ ಹಾಳಾದದ್ದಲ್ಲ, ಇದನ್ನು ಒತ್ತಿ ಹೇಳಿ. ಒಂದು ಸಂಜೆ "ಸುಟ್ಟ ಹಪ್ಪಳ ಕೊಡ್ಲಾ?" ಅಂತ ಕೇಳಿದೆ. "ಪರವಾಗಿಲ್ಲ ಅಕ್ಕಾ, ಬಿಸಾಕಿ" ಅಂದ! ಹಲಸಿನ ಹಪ್ಪಳ, ಕೆಂಡದ ಮೇಲೆ ಸುಟ್ಟು ಕೊಬ್ಬರಿ ಎಣ್ಣೆ ಸವರಿದ್ದು. ಅಡುಗೆ ಕೆಟ್ಟರೆ ನಾವು 'ಸೀದುಹೋಯಿತು' ಅನ್ನುತ್ತೇವೆ. ಅನ್ನ, ಹಾಲು, ಪಾಯಸ ಸೀಯುತ್ತವೆ. ಇದಕ್ಕೆ ವ್ಯಾಕರಣ ಬೇಡ, ತಳ ಹಿಡಿದ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿಯಿರಿ.

ಮೈಯ ವಿಷಯದಲ್ಲಿ ಹುಷಾರು. 'ಮೈ ಸುಡ್ತಿದೆ' ಅಂದರೆ ಡಾಕ್ಟರು ಜ್ವರ ನೋಡುತ್ತಾರೆ. 'ಮೈ ಉರೀತಿದೆ' ಅಂದರೆ ಒಂದೋ ಬೆವರುಸಾಲೆ, ಇಲ್ಲವೇ ಸಿಟ್ಟು. ಹೊಟ್ಟೆ ಉರಿಯುವುದು ಊರಿಗೆಲ್ಲ ಇದ್ದದ್ದೇ. ಇನ್ನು ಶುಂಠಿ ಬೆಳೆದು ಕೈ ಸುಟ್ಟುಕೊಂಡವರು ನಮ್ಮ ಕಡೆ ಬೇಕಾದಷ್ಟಿದ್ದಾರೆ, ಅವರ ಕೈ ನೋಡಿದರೆ ಗಾಯ ಕಾಣುವುದಿಲ್ಲ.

ಎಲ್ಲವನ್ನೂ ಒಂದೇ ಸಲ ಕಲಿಸಬೇಕಾದರೆ ಗೇರು ಬೀಜ ಸುಡಿ. ಏಪ್ರಿಲ್‌ನಲ್ಲಿ ಅವನು ಕುಮಟೆಯ ನನ್ನ ತವರಿಗೆ ಬಂದಿದ್ದ. ಅಂಗಳದಾಚೆ ಮೂರು ಕಲ್ಲು ಹೂಡಿ, ತೂತು ಹೊಡೆದ ಹಳೇ ತಗಡಿನ ಮೇಲೆ ಬೀಜ ಹರಡಿದೆ. ಕೆಳಗೆ ತೆಂಗಿನ ಒಣ ಗರಿ ಇಟ್ಟು ಬೆಂಕಿ ಹಚ್ಚಿದೆ. "ಇದು ಹಚ್ಚೋದು. ದೀಪ, ಊದಿನಕಡ್ಡಿ, ಬೆಂಕಿ, ಎಲ್ಲಾ ಹಚ್ಚೋದೇ" ಅಂದೆ. ಬೀಜ ಕಾದ ಹಾಗೆ ಸಿಪ್ಪೆಯ ಎಣ್ಣೆ ಚಿರ್ರೆಂದು ಸಿಡಿಯಿತು. ಅದಕ್ಕೇ ಬೆಂಕಿ ಹೊತ್ತಿಕೊಂಡು ಭಗ್ಗೆಂದು ಉರಿಯಿತು. ಹುಡುಗ ನಾಲ್ಕು ಹೆಜ್ಜೆ ಹಿಂದೆ! ಉದ್ದ ಕೋಲಿನಿಂದ ಮಗುಚುತ್ತಲೇ ಇರಬೇಕು. ಸಿಪ್ಪೆ ಕಪ್ಪಾದ ಕೂಡಲೇ ಬೀಜ ಕೆಳಗೆ ಸುರುವಿ ಮಣ್ಣೆರಚಿದೆ, ಬೆಂಕಿ ಆರಿತು. ಸ್ವಲ್ಪ ತಡವಾದರೆ ಒಳಗಿನ ಬೀಜವೂ ಕರಕಲು.

ಅಷ್ಟರಲ್ಲಿ ಅವನು ಬುಟ್ಟಿಯಲ್ಲಿದ್ದ ಹಸಿ ಬೀಜವೊಂದನ್ನು ಕಲ್ಲಿನಿಂದ ಜಜ್ಜಿ, ಸೊನೆ ಮೆತ್ತಿಕೊಂಡು ಕೂತಿದ್ದ. "ಅಕ್ಕಾ, ಕೈ ಉರೀತಾ ಇದೆ" ಅಂದ. ಬೆಂಕಿ ತಾಗಿರಲಿಲ್ಲವಲ್ಲ, ಸರಿಯಾಗೇ ಹೇಳಿದ.

"ಬೇಗ ತೊಳ್ಕೊಂಡು ಕೊಬ್ಬರಿ ಎಣ್ಣೆ ಹಚ್ಕೋ ತಮ್ಮಾ" ಅಂದೆ.

ಅವನು ಬೆಂಕಿ ನೋಡಿದ, ನನ್ನನ್ನು ನೋಡಿದ. "ಕೈಗೆ ಹಚ್ಚೋದಾ?"